ಕುಬ್ಜಗಳು ಕೂಡುವ ತನಕ

ಆಕಾಶದಲ್ಲಿ ಎರಡು ನಕ್ಷತ್ರಗಳು ಒಂದಾಗುವ ಸದ್ದನ್ನು ಕೇಳಿಸಿಕೊಳ್ಳಬೇಕೆಂದು ಭೂಮಿಯ ಮೇಲೆ ಒಂದು ಊರು ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡು ಬದುಕಿತು ಎಂದರೆ ಯಾರು ನಂಬುತ್ತಾರೆ? ಬಂಗಾರಕುಂಟೆಯವರೇ ಈಗೀಗ ನಂಬುತ್ತಿರಲಿಲ್ಲ. ಶುರುವಿನಲ್ಲಿ ಮೂರು ವರ್ಷ ಅಂದಿದ್ದರು. ಮೂರು ಹೋಗಿ ಐದಾಯಿತು, ಐದು ಹೋಗಿ ಒಂಬತ್ತಾಯಿತು. ಜನಕ್ಕೆ ಮೊದಲು ಬೆರಗು ಬಂತು, ಆಮೇಲೆ ಸಿಟ್ಟು ಬಂತು, ಸಿಟ್ಟೂ ಹಳಸಿ ಕೊನೆಗೆ ಉಳಿದದ್ದು ಸುಸ್ತು ಒಂದೇ.

ಆ ಸುಸ್ತು ಎಲ್ಲರಿಗಿಂತ ಗಟ್ಟಿಯಾಗಿ ಅಂಟಿಕೊಂಡಿದ್ದು ಕದಿರಮ್ಮನಿಗೆ. ಅವಳ ಕೆಲಸದ ಹೆಸರು ಸದ್ದು ಕಾವಲು. ನೀಲಿ ಕೋಟು ತೊಟ್ಟು, ಕೈಯಲ್ಲಿ ಕೆಂಪು ಬಟ್ಟೆ ಹಿಡಿದು, ಬೀದಿ ಬೀದಿ ಅಲೆದು, ಸದ್ದು ಮಾಡಿದವರಿಗೆ "ಒಸಿ ಮೆಲ್ಲಗೆ" ಎಂದು ಹೇಳುವುದು. ಕೇಳಲು ಏನೂ ಅಲ್ಲ. ಒಂಬತ್ತು ವರ್ಷ ಹೇಳಿ ನೋಡಿ, ಆಗ ಗೊತ್ತಾಗುತ್ತದೆ.

ಅವತ್ತು ಬೆಳಗ್ಗೆ ಊರ ಗಡಿಕಲ್ಲು ದಾಟಿ ಸಿಮೆಂಟಿನ ಲಾರಿಯೊಂದು ನುಗ್ಗಿತ್ತು. ಕದಿರಮ್ಮ ರಸ್ತೆಗೆ ಅಡ್ಡ ನಿಂತು ಕೆಂಪು ಬಟ್ಟೆ ಬೀಸಿದಳು. ಡ್ರೈವರ್ ಹೊಸಬ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾಕಮ್ಮಾ? ಯಾರಿಗಾದ್ರೂ ಹುಷಾರಿಲ್ವಾ? ಮಲಗವ್ರಾ?" ಎಂದ.

"ಹೂಂ ಕಣಪ್ಪಾ, ಹುಷಾರಿಲ್ಲ. ಮೇಲೆ ಮಲಗವ್ರೆ," ಎಂದು ಕದಿರಮ್ಮ ಆಕಾಶ ತೋರಿಸಿದಳು. "ಗಾಡಿ ಇಲ್ಲೇ ನಿಲ್ಸಿ ಮೂಟೆ ಇಳಿಸು. ಕೈಗಾಡೀಲಿ ಒಳಕ್ಕೆ ತಗೊಂಡೋಗ್ತಾರೆ."

ಡ್ರೈವರ್ ಅವಳ ಮುಖ ನೋಡಿದ, ಆಕಾಶ ನೋಡಿದ, ಮತ್ತೆ ಅವಳ ಮುಖ ನೋಡಿದ. ಇಂಜಿನ್ ಆರಿಸಿದ. ಇಂಥವರನ್ನು ಕಂಡರೆ ಅವಳಿಗೆ ಮೊದಲೆಲ್ಲ ನಗು ಬರುತ್ತಿತ್ತು.

ಕಥೆ ಇಷ್ಟು. ಬಂಗಾರಕುಂಟೆಯಲ್ಲಿ ಹಿಂದೆ ಚಿನ್ನದ ಗಣಿ ಇತ್ತು. ಚಿನ್ನ ಮುಗಿಯಿತು, ಗಣಿ ಮುಚ್ಚಿತು, ಊರಿಗೆ ಉಳಿದದ್ದು ಚಿನ್ನ ಸೋಸಿ ಎಸೆದ ಮಣ್ಣಿನ ಬಿಳಿ ಸೈನೈಡ್ ದಿಬ್ಬಗಳು ಮತ್ತು ಪಾತಾಳಕ್ಕೆ ಇಳಿಯುವ ಒಂದು ದೊಡ್ಡ ಬಾವಿ. ಆ ಬಾವಿಯನ್ನು ವಿಜ್ಞಾನಿಗಳು ಕೇಳಿ ಪಡೆದರು. ಗಾಳಿಯೇ ಇಲ್ಲದ ಕೊಳವೆಯನ್ನು ಅದರ ತಳದವರೆಗೂ ಇಳಿಸಿ, ಕೊಳವೆಯ ಮೇಲೊಂದು ಕೆಳಗೊಂದು, ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಾದ ಪರಮಾಣುಗಳ ಮೋಡಗಳನ್ನು ಬೀಳಬಿಟ್ಟರು. ದೂರದಲ್ಲೆಲ್ಲೋ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತಿದರೆ ಆಕಾಶವೇ ಸ್ವಲ್ಪ ಅದುರುತ್ತದಂತೆ. ಆ ಅದುರು ಇಲ್ಲಿಗೆ ಬಂದಾಗ ಎರಡು ಮೋಡಗಳ ನಡುವಿನ ಅಂತರ ಹಿಗ್ಗಿ ಕುಗ್ಗುತ್ತದೆ. ಅದನ್ನು ಕನ್ನಡಿಗಳಿಂದ ಹಾಯಿಸಿದ ಬೆಳಕಿನಿಂದ ಅಳೆಯುವುದೇ ಅವರ ಕೆಲಸ. ಊರವರು ಆ ಇಡೀ ಕಚೇರಿಗೆ ಇಟ್ಟ ಹೆಸರು ಬಾವಿ. "ಬಾವಿಯೋರು ಬಂದ್ರು" ಅಂದರೆ ಎಲ್ಲರೂ ದನಿ ತಗ್ಗಿಸುತ್ತಿದ್ದರು.

ನೆಲದ ಮೇಲೆ ಬಿದ್ದ ಏಟು ಬಂಡೆಯೊಳಗೆ ಇಳಿದು ಬಾವಿಯ ಕನ್ನಡಿಗಳನ್ನು ಅಲುಗಿಸುತ್ತಿತ್ತು. ಅದಕ್ಕೆ ಕಲ್ಲಿನ ಕ್ರಷರ್ ಮುಚ್ಚಿಸಿದರು. ಬೋರ್‌ವೆಲ್ ಕೊರೆಯುವುದು ನಿಂತಿತು. ಬಸ್ಸು ಗಡಿಕಲ್ಲಿಗೇ ಕೊನೆ. ಗಣಿಯ ಹಳೇ ಗೋಪುರದ ತುದಿಗೆ ಕೆಂಪು ದೀಪ ಹಾಕಿದರು. ಅದು ಉರಿಯುತ್ತಿದ್ದಷ್ಟು ಹೊತ್ತೂ ಊರು ಸುಮ್ಮನಿರಬೇಕು. ರಿಪೇರಿಗೆಂದು ಅದು ಒಂದೆರಡು ಸಲ ಆರಿದ್ದುಂಟು. ಆಗ ಮದುವೆ ಮನೆಯವರು ನಾ ಮುಂದು ತಾ ಮುಂದು ಎಂದು ಓಲಗ ಊದಿಸಿ ತಾಳಿ ಕಟ್ಟಿಸಿದರು. ಸಾವು ಮಾತ್ರ ರಿಪೇರಿ ನೋಡಿಕೊಂಡು ಬರುವುದಿಲ್ಲವಲ್ಲ.

ಎಲ್ಲಕ್ಕಿಂತ ಬಾವಿಯವರು ಹೆದರುತ್ತಿದ್ದದ್ದು ತಮಟೆಗೆ. ಲಾರಿಯ ಸದ್ದು ಅಡ್ಡಾದಿಡ್ಡಿ, ಅದನ್ನು ಲೆಕ್ಕದಿಂದ ತೆಗೆದುಹಾಕಬಹುದು. ತಮಟೆಯ ಏಟು ತಾಳ ಹಿಡಿದು ಬರುತ್ತದೆ. ತಾಳ ಹಿಡಿದು ಬರುವುದೆಲ್ಲ ಯಂತ್ರಕ್ಕೆ ನಕ್ಷತ್ರದ ಹಾಗೇ ಕಾಣುತ್ತದೆ. ಮೊದಲ ವರ್ಷ ಒಂದು ಶವದ ಮೆರವಣಿಗೆ ಬಾವಿಯವರ ತಿಂಗಳುಗಟ್ಟಲೆ ಕೆಲಸವನ್ನು ಮಣ್ಣುಪಾಲು ಮಾಡಿತ್ತು. ಆಮೇಲೇ ಅವರು ಜಾಣತನ ಮಾಡಿದ್ದು. ಊರ ತಮಟೆಯವರ ಹಿರಿಯ ಪಿಳ್ಳಪ್ಪ. ಅವನ ಮಗಳು ಕದಿರಮ್ಮನನ್ನೇ ಕರೆದು ಕಾವಲಿಗೆ ಹಾಕಿದರು. ಗಂಡ ಬಿಟ್ಟು ಹೋಗಿ ತವರಿನಲ್ಲಿದ್ದ ಅವಳಿಗೆ ಕೆಲಸ ಬೇಕಿತ್ತು. ಮಗಳ ಮುಖ ನೋಡಿ ಪಿಳ್ಳಪ್ಪ ಎಲ್ಲರಿಗಿಂತ ಮೊದಲು ತನ್ನ ತಮಟೆಯನ್ನು ಗೋಡೆಯ ಮೊಳೆಗೆ ನೇತುಹಾಕಿದ. ಅವನು ಹಾಕಿದ ಮೇಲೆ ಉಳಿದವರೂ ಹಾಕಿದರು.

ಆದರೂ ಒಂದು ಪದ್ಧತಿ ತಾನಾಗಿ ಹುಟ್ಟಿಕೊಂಡಿತು. ಯಾರಾದರೂ ಸತ್ತರೆ ತಮಟೆಯವರು ಬರುತ್ತಿದ್ದರು. ಹುಲ್ಲು ಹಚ್ಚಿ, ಚರ್ಮ ಬಿಗಿಯುವ ಹಾಗೆ ತಮಟೆ ಕಾಯಿಸುತ್ತಿದ್ದರು. ಕೊರಳಿಗೆ ಹಾಕಿಕೊಂಡು ಚಟ್ಟದ ಮುಂದೆ ಸುಡುಗಾಡಿನವರೆಗೂ ನಡೆಯುತ್ತಿದ್ದರು. ಹೊಡೆಯುತ್ತಿರಲಿಲ್ಲ. ಕಾಯಿಸಿದ ತಮಟೆ ಹೊಡೆಯದೆ ನಡೆಯುವುದು ಎಂಥ ಕಷ್ಟ ಎನ್ನುವುದು ಹೊಡೆದವರಿಗೇ ಗೊತ್ತು.

*

ಕಂಟ್ರೋಲ್ ರೂಮಿನ ನೆಲಕ್ಕೆ ದಪ್ಪ ರಬ್ಬರು. ಎಲ್ಲರೂ ಬರಿಗಾಲಿನಲ್ಲಿ ಓಡಾಡುವ ಜಾಗ. ಕದಿರಮ್ಮ ಲಾರಿಯ ವಿಷಯ ಹೇಳಲು ಹೋದಾಗ ಡಾಕ್ಟರ್ ತಸ್ನೀಮ್ ಪರದೆಯ ಮುಂದೆ ಕೈಯಲ್ಲಿ ಗಲ್ಲ ಊರಿ ಕೂತಿದ್ದರು. ವಿಜಯಪುರದ ಕಡೆಯ ಹೆಂಗಸು. ಬಂದಾಗ ಕೂದಲು ಕಪ್ಪಗಿತ್ತು. ಈಗ ಸೈನೈಡ್ ದಿಬ್ಬದ ಬಣ್ಣ.

"ಬರ್ರಿ ಕದಿರಮ್ಮ, ಕುಂದರ್ರಿ. ಅಪ್ಪಾರು ಹೆಂಗದಾರ?"

"ಅಂಗೇ ಅವ್ರೆ ಮೇಡಂ. ಉಸ್ರು ಎಳ್ಕೊಂಡು. ಆವಾಗ ಕ್ರಷರ್‌ನಾಗೆ ದುಡಿದ ಧೂಳು ಎದೇಲಿ ಕಲ್ಲಾಗಿ ಕೂತದಂತೆ. ಡಾಕ್ಟ್ರು ಕೈ ಚೆಲ್ಲವ್ರೆ. ನಿಮ್ಮ ಮದುವೆ ಎಲ್ಲಿಗೆ ಬಂತು?"

ಮದುವೆ ಅನ್ನುವುದು ಪಿಳ್ಳಪ್ಪ ಇಟ್ಟ ಹೆಸರು. ತಸ್ನೀಮ್ ನಕ್ಕರು, ನಗು ಪೂರ್ತಿ ಬರಲಿಲ್ಲ. ಪರದೆಯ ಮೇಲೆ ಎರಡು ಚುಕ್ಕೆಗಳು. ಎರಡೂ ಶ್ವೇತ ಕುಬ್ಜಗಳು, ಅಂದರೆ ಉರಿದು ಮುಗಿದ ನಕ್ಷತ್ರಗಳ ಕೆಂಡ. ದೊಡ್ಡದು ಅನ್ನುವುದು ತೂಕದ ಲೆಕ್ಕದಲ್ಲಿ, ಗಾತ್ರದಲ್ಲಿ ಅದೇ ಪುಟ್ಟದು. ಸಣ್ಣದರ ತೂಕ ಅದರ ಕಾಲುಭಾಗವೂ ಇಲ್ಲ. ಎರಡೂ ಎಷ್ಟು ಹತ್ತಿರ ಅಂದರೆ, ನಾವು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಒಂದು ಸುತ್ತು ಮುಗಿಸುತ್ತವೆ.

ಆ ಸಣ್ಣದರ ಕಥೆಯನ್ನು ತಸ್ನೀಮ್ ಹಿಂದೆ ಒಮ್ಮೆ ಕದಿರಮ್ಮನಿಗೆ ಹೇಳಿದ್ದರು. ಅದೂ ಒಂದು ಕಾಲಕ್ಕೆ ಸರಿಯಾದ ನಕ್ಷತ್ರವೇ ಆಗಿತ್ತು. ಉಬ್ಬಿ ದೊಡ್ಡದಾಗುವ ಹೊತ್ತಿಗೆ ಪಕ್ಕದ್ದು ಅದರ ಮೈಮೇಲಿನದನ್ನೆಲ್ಲ ಎಳೆದುಕೊಂಡಿತು. ಒಳಗೆ ಹೀಲಿಯಂ ತುಂಬಿತ್ತು, ಆದರೆ ಅದು ಹತ್ತಿಕೊಳ್ಳಲು ಬೇಕಾದ ತೂಕವೇ ಉಳಿಯಲಿಲ್ಲ. "ಒಲಿ ಹೂಡಿತ್ರಿ, ಕಟಗಿ ಇಟ್ಟಿತ್ತು. ಬೆಂಕಿ ಹಚ್ಚೂದ್ರಾಗ ಎಲ್ಲಾ ಕಸ್ಕೊಂಡ್ರು," ಎಂದಿದ್ದರು. ಕದಿರಮ್ಮನಿಗೆ ಅವತ್ತಿನಿಂದ ಆ ಸಣ್ಣ ಚುಕ್ಕೆಯ ಮೇಲೆ ಒಂದು ಥರದ ಕನಿಕರ.

"ಈ ವಾರ, ಬಾಳ ಅಂದ್ರ ಮುಂದಿನ ವಾರ," ಎಂದರು ತಸ್ನೀಮ್. "ಸಣ್ಣದು ದೊಡ್ಡದರ ಮ್ಯಾಲ ಸುರೀಲಿಕ್ಕೆ ಶುರು ಮಾಡೇದ. ಸುರಿದದ್ದು ಉಬ್ಬಿ ಎರಡನ್ನೂ ಮುಚ್ಚಿ, ಹಿಡಿದು ಒಳಗ ಎಳೀತದ. ಇಂಥಾ ಜೋಡಿ ಎಲ್ಲಾ ಕಡೀಕ ಕೂಡೇ ಕೂಡ್ತಾವ ಅನ್ನೂದು ನಮ್ಮ ಲೆಕ್ಕ. ಅದರ ಮ್ಯಾಲೇ ಈ ಬಾವಿ ಕಟ್ಟೇವಿ." ಆಮೇಲೆ ಕೇಳಿದರು, "ಒಂದ್ ಮಾತು. ಎರಡು ದಿನದಿಂದ ಅವುಗಳ ಓಟ ಯಾಕೋ ನಿಧಾನ ಕಾಣ್ತದ. ಊರಾಗ ಯಾರರ ಹೊಡಿಲಿಕ್ಹತ್ತಾರೇನ್ರಿ?"

"ಇಲ್ಲ ಮೇಡಂ."

"ಕೇಳಿದೆ ಅಷ್ಟ. ಬ್ಯಾಸರಾಗಬ್ಯಾಡ್ರಿ."

ಕದಿರಮ್ಮನಿಗೆ ಬೇಸರವಾಗಲಿಲ್ಲ. ಬೇಸರವಾಗುವುದಕ್ಕೂ ಒಂದಿಷ್ಟು ಶಕ್ತಿ ಬೇಕು.

*

ಪಿಳ್ಳಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ನಿಲ್ಲುತ್ತದೆಂದು ಕೂತೇ ನಿದ್ದೆ. ಮಗಳ ಹೆಜ್ಜೆ ಕೇಳಿ ಕಣ್ಣು ತೆರೆದ.

"ಆಯ್ತೇನೇ ಕದಿರಿ, ಮದುವೆ?"

"ಇನ್ನೂ ಇಲ್ಲಪ್ಪಾ. ಈ ವಾರ ಅಂತವ್ರೆ."

"ಲಗ್ನ ಇಡೋ ಅಯ್ಯನೋರಿಗಿಂತ ಕಡೆಯಾದ್ರಲ್ಲೇ ನಿಮ್ಮ ಮೇಡಮ್ಮು." ನಗಲು ಹೋಗಿ ಕೆಮ್ಮಿದ. ಅವಳು ಬೆನ್ನು ನೀವಿದಳು. ಕೆಮ್ಮು ನಿಂತ ಮೇಲೆ ಅವನು ಕೇಳಿದ, "ಅಲ್ಲಾ, ಅವು ಇರೋದು ಭಾಳ ದೂರ ಅಂದಿದ್ದೆ ನೀನು. ಅಲ್ಲಿ ಆಗಿದ್ದು ಇಲ್ಲಿಗೆ ಬರಾಕೆ ಸಾವಿರಾರು ವರ್ಷ ಬೇಕಂತೆ. ಅಂದ್ರೆ ಅದು ಆಗೋಗಿರೋ ಸಂಗ್ತಿ."

"ಹೂಂ."

"ದೂರದ ಸಾವಿನ ಸುದ್ದಿ ತಡವಾಗಿ ಬಂದ್ರೆ ನಾವು ತಲೆ ಮೇಲೆ ಎರಡು ಚೊಂಬು ನೀರು ಹುಯ್ಕೊಂಡು ಸುಮ್ಕಾಯ್ತೀವಿ. ನಿಮ್ಮೋರು ಊರಿಗೂರನ್ನೇ ಸೂತಕದಾಗೆ ಕೂರ್ಸಿದ್ರಲ್ಲೇ!"

ಕದಿರಮ್ಮ ಗಂಜಿಯ ಬಟ್ಟಲು ಮುಂದಿಟ್ಟಳು. ಅವನು ಮುಟ್ಟಲಿಲ್ಲ. ಗೋಡೆಯ ಮೊಳೆಯತ್ತ ನೋಡುತ್ತಿದ್ದ. ಅಲ್ಲಿ ಅವನ ತಮಟೆ ಧೂಳು ಹಿಡಿದು ತೂಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಒಂದು ದಿನ ಅದನ್ನು ಇಳಿಸಿದ್ದ. ಹೆಂಡತಿ ಅಕ್ಕಯಮ್ಮ ಸತ್ತ ದಿನ. ಅವಳಿಗೆಂದು ತಮಟೆ ತಾನೇ ಕಾಯಿಸಿ, ಕೊರಳಿಗೆ ಹಾಕಿಕೊಂಡು, ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಾ ಸುಡುಗಾಡಿನವರೆಗೂ ನಡೆದಿದ್ದ. ಅವತ್ತು ಮುಂದೆ ಕೆಂಪು ಬಟ್ಟೆ ಹಿಡಿದು ನಡೆದವಳು ಕದಿರಮ್ಮ. ಅದರ ಬಗ್ಗೆ ಅಪ್ಪ ಮಗಳು ಒಂದು ದಿನವೂ ಮಾತಾಡಿರಲಿಲ್ಲ.

"ನಂಗೆ ಬೇರೇನೂ ಬ್ಯಾಡ ಕದಿರಿ," ಎಂದ ಈಗ. "ನಿಮ್ಮವ್ವನ್ನ ಕಳ್ಸಿದಂಗೆ ನನ್ನ ಕಳ್ಸಬ್ಯಾಡ. ಈ ಊರಿನಾಗೆ ಎಷ್ಟು ಜನಕ್ಕೆ ಹೊಡ್ದೀನಿ ನಾನು. ನಂಗೆ ಅಂತ ಒಬ್ರೂ ಇಲ್ವಾ? ಕಳ್ಳಮಾಲು ಸಾಗ್ಸಿದಂಗೆ ಸದ್ದಿಲ್ದೆ ಎತ್ಕೊಂಡೋಗ್ತೀರಾ?"

ಅವಳಿಗೆ ಅಳು ಉಕ್ಕಿ ಬಂತು. "ಅವು ಕೂಡೋವರ್ಗೂ ತಡ್ಕೊ ಅಪ್ಪಾ. ಕೂಡೋವರ್ಗೆ ಅಷ್ಟೇಯ. ಆಮೇಲೆ ಊರು ನಡುಗೋ ಹಂಗೆ ಹೊಡಿಸ್ತೀನಿ. ಈ ಕೋಟು ಬಿಚ್ಚಿ ಎಸೆದು ನಾನೇ ಮುಂದೆ ನಿಂತ್ಕೊಂತೀನಿ."

"ಕೂಡೋವರ್ಗೆ ತಾನೆ?"

"ಕೂಡೋವರ್ಗೆ."

"ಆಗ್ಲಿ ಬಿಡು. ಅವು ಮೊದ್ಲೋ ನಾನು ಮೊದ್ಲೋ ನೋಡೇಬಿಡಾನ." ಅವನು ಬಟ್ಟಲೆತ್ತಿ ಗಂಜಿ ಕುಡಿದ. ಪೂರ್ತಿ ಕುಡಿದ.

ಆಮೇಲಿನ ದಿನಗಳಲ್ಲಿ ಅವನ ಹಟ ನೋಡಬೇಕಿತ್ತು. ಸೇರದಿದ್ದರೂ ಮುದ್ದೆ ನುಂಗಿದ. ಮಾತ್ರೆ ತಪ್ಪಿಸಲಿಲ್ಲ. ಬಂದವರಿಗೆಲ್ಲ, "ನಾನು ಈಗ ಸಾಯಂಗಿಲ್ಲ ಕಣ್ರಪ್ಪಾ, ಮೇಲೆ ಒಂದು ಮದುವೆ ಐತೆ," ಎನ್ನುತ್ತಿದ್ದ. ಕದಿರಮ್ಮ ಕೆಲಸದಿಂದ ಬಂದ ಕೂಡಲೇ ಅದೇ ಪ್ರಶ್ನೆ, ಅದೇ ಉತ್ತರ. ಪ್ರಶ್ನೆಯ ದನಿ ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು.

*

ತಡೆಯಲಾರದೆ ಒಂದು ಮಧ್ಯಾಹ್ನ ಅವಳು ತಸ್ನೀಮರನ್ನು ಕೇಳಿಯೇಬಿಟ್ಟಳು. "ಅಕಸ್ಮಾತ್ ನಮ್ಮಪ್ಪ ಮೊದ್ಲು ಹೋದ್ರೆ, ಒಸಿ ಹೊತ್ತು ಹೊಡಿಸ್ಕೊಬೋದಾ ಮೇಡಂ? ನಮ್ಮ ಬೀದಿಯಿಂದ ಸುಡುಗಾಡಿಗೆ ಎಷ್ಟು ದೂರ ಮಹಾ?"

ತಸ್ನೀಮ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಪರದೆಯ ಮೇಲಿನ ಗೆರೆ ಹೇಗಿರಬೇಕೋ ಹಾಗಿರಲಿಲ್ಲ. ಎರಡು ಕುಬ್ಜಗಳು ಸುತ್ತುವ ಹೊತ್ತು ದಿನೇ ದಿನೇ ಕಡಿಮೆಯಾಗಬೇಕಿತ್ತು. ಕಡಿಮೆಯಾಗುವುದು ನಿಂತಂತೆ ಕಾಣುತ್ತಿತ್ತು. ಪಕ್ಕದ ಮೇಜಿನವರು ಊರಿನವರ ಮೇಲೆ ಅನುಮಾನಪಟ್ಟು ಪಿಸುಗುಡುತ್ತಿದ್ದರು. ಅದು ಕದಿರಮ್ಮನ ಕಿವಿಗೂ ಬಿದ್ದಿತ್ತು.

"ನೀವು ಹೊಡಿಸ್ತೀನಿ ಅಂದ್ರ ನಾ ಬ್ಯಾಡ ಅನ್ನೂದಿಲ್ರಿ," ಎಂದರು ತಸ್ನೀಮ್. "ಬ್ಯಾಡ ಅನ್ನೂ ಬಾಯಿ ನನಗಿಲ್ಲ. ಆದ್ರ ಕೂಡೂ ಹೊತ್ತು ಅಗದೀ ಸಣ್ಣದು. ಆವಾಗ ತಮಟಿ ಇತ್ತಂದ್ರ ನಮಗ ತಮಟಿನೇ ಕೇಳ್ತದ. ಇಷ್ಟು ವರ್ಷ ಈ ಊರು ಸುಮ್ಮನ ಕುಂತದ್ದು ಯಾತಕ್ಕೂ ಬರೂದಿಲ್ಲ."

"ಒಳ್ಳೇ ಕೆಲ್ಸ ಮಾಡಿದ್ರಿ ಮೇಡಂ. ಭಾರನೆಲ್ಲ ತಂದು ನನ್ನ ತಲೆ ಮೇಲೇ ಹಾಕಿದ್ರಲ್ಲಾ."

"ಹೌದ್ರಿ. ಹಾಕಿದೆ," ಎಂದರು ತಸ್ನೀಮ್. ಸುಳ್ಳು ಹೇಳುವ ತ್ರಾಣ ಅವರಿಗೂ ಇರಲಿಲ್ಲ.

*

ಪಿಳ್ಳಪ್ಪ ಬೆಳಗಿನ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಒರಗಿದವನು ಮತ್ತೆ ಏಳಲಿಲ್ಲ. ಕದಿರಮ್ಮ ಹೊರಗೆ ಬಂದು ಗೋಪುರ ನೋಡಿದಳು. ಬಿಸಿಲಿನಲ್ಲೂ ಕೆಂಪು ದೀಪ ಉರಿಯುತ್ತಿತ್ತು.

"ಸೋತೋದ್ಯಲ್ಲಪ್ಪಾ," ಎಂದು ಅವಳು ಬಾಗಿಲಲ್ಲೇ ಕುಸಿದು ಅತ್ತಳು. ಸೆರಗನ್ನು ಬಾಯಿಗೆ ಅದುಮಿಕೊಂಡು ಅತ್ತಳು. ಈ ಊರಿನಲ್ಲಿ ಅಳುವುದೂ ಹಾಗೇ ರೂಢಿಯಾಗಿತ್ತು.

ಬೀದಿಯವರು ಸೇರಿದರು. ಚಟ್ಟ ಕಟ್ಟಿದರು. ತಮಟೆಯವರು ಬಂದು ಮನೆ ಮುಂದೆ ಹುಲ್ಲು ಹಚ್ಚಿದರು. ಪಿಳ್ಳಪ್ಪನ ಕೈಕೆಳಗೆ ಕಲಿತ ಚಿಕ್ಕಮುನಿಯಪ್ಪ, ಈಗ ಅವನೂ ಮುದುಕನೇ, ಗೋಡೆಯ ಮೊಳೆಯಿಂದ ಗುರುವಿನ ತಮಟೆ ಇಳಿಸಿ ಧೂಳು ಒರೆಸಿ ಬೆಂಕಿಗೆ ಹಿಡಿದ. ಚರ್ಮ ಬಿಗಿಯಿತು. ಅವನು ಕೋಲು ಕೈಗೆತ್ತಿಕೊಂಡು ಕದಿರಮ್ಮನ ಮುಂದೆ ಬಂದು ನಿಂತ.

"ಏನ್ ಮಾಡಾನಮ್ಮಾ? ನೀನು ಹೊಡಿ ಅಂದ್ರೆ ಹೊಡೀತೀವಿ. ಬಾವಿಯೋರು ಏನಾದ್ರೂ ಮಾಡ್ಕೊಳ್ಳಲಿ."

ಬೀದಿಯವರೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅಲ್ಲಿ ಗೌರಕ್ಕ ನಿಂತಿದ್ದಳು, ಅವಳ ಗಂಡ ತಮಟೆಯ ಸದ್ದಿಲ್ಲದೆ ಸುಡುಗಾಡಿಗೆ ಹೋದವನು. ವೆಂಕಟರಾಮು ನಿಂತಿದ್ದ, ಶಾಲೆಗೆ ಹೋಗುತ್ತಿದ್ದ ಅವನ ಮಗಳು ಹಾವು ಕಚ್ಚಿ ಸುಮ್ಮನೆ ಹೋದವಳು. ಅವರೆಲ್ಲರ ಮನೆ ಮುಂದೆ ಹೋಗಿ ನಿಂತು "ಬೇಡ ಕಣ್ರಪ್ಪಾ, ಒಸಿ ತಡ್ಕೊಳ್ಳಿ" ಎಂದವಳು ಇವಳೇ. ಇವತ್ತು ತನ್ನ ಅಪ್ಪನಿಗೆ ಮಾತ್ರ ಹೊಡಿ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಪ್ಪ ಒಳಗೆ ಮಲಗಿದ್ದ. ಅವನಿಗೆ ಕೊಟ್ಟ ಮಾತೂ ಅವು ಕೂಡಿದ ಮೇಲೆ ಎಂದೇ ಇತ್ತು.

"ಬೇಡ ಚಿಕ್ಕಮುನಿಯಣ್ಣಾ," ಎಂದಳು. "ಎಲ್ರೂ ಹೋದಂಗೇ ಹೋಗ್ಲಿ."

ಅವಳು ನೀಲಿ ಕೋಟು ತೊಟ್ಟು, ಕೆಂಪು ಬಟ್ಟೆ ಹಿಡಿದು ಮುಂದೆ ನಡೆದಳು. ಹಿಂದೆ ಕಾಯಿಸಿದ ತಮಟೆಗಳು, ಅದರ ಹಿಂದೆ ಚಟ್ಟ. ಮಂಡಕ್ಕಿ ಎರಚುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮನೆಗಳ ಜಗುಲಿಯ ಮೇಲೆ ಜನ ಎದ್ದು ನಿಂತು ಕೈ ಮುಗಿಯುತ್ತಿದ್ದರು.

ಸೈನೈಡ್ ದಿಬ್ಬದ ತಿರುವಿನಲ್ಲಿ ಎದುರಿಗೆ ತಸ್ನೀಮ್ ಓಡಿ ಬರುತ್ತಿದ್ದರು. ಕಾಲಲ್ಲಿ ಚಪ್ಪಲಿಯೂ ಇಲ್ಲ. ಕಂಟ್ರೋಲ್ ರೂಮಿನಿಂದ ಹಾಗೇ ಎದ್ದು ಬಂದಿದ್ದರು. ಚಟ್ಟ ಕಂಡರೂ ಬಾಯಿಂದ ಮಾತು ಬಂದುಬಿಟ್ಟಿತು.

"ಹೊಡದ್ರೇನ್ರಿ? ಖರೇ ಹೇಳ್ರಿ ಕದಿರಮ್ಮ. ನಿಮ್ಮ ಬೀದ್ಯಾಗ ಬೆಂಕಿ ಹಚ್ಚಿದ್ದು ಕ್ಯಾಮೆರಾದಾಗ ಕಾಣಿಸ್ತು. ಹೋದ ವಾರದಿಂದ ಹೊಡಿಲಿಕ್ಹತ್ತೀರೇನು?"

ಒಂಬತ್ತು ವರ್ಷದಲ್ಲಿ ಕದಿರಮ್ಮನಿಗೆ ಬಾರದ ಸಿಟ್ಟು ಅವತ್ತು ಬಂತು. ಚಿಕ್ಕಮುನಿಯಪ್ಪನ ಕೊರಳ ತಮಟೆ ಹಿಡಿದು ತಸ್ನೀಮರ ಮುಂದೆ ಎಳೆದಳು.

"ಮುಟ್ಟಿ ನೋಡಿ! ತಣ್ಣಗಾಗೈತೆ. ಕೋಲು ತಾಗಿದ್ರೆ ಚರ್ಮದ ಮೇಲೆ ದಿಬ್ಬದ ಧೂಳು ನಿಲ್ತಿತ್ತಾ? ನೋಡಿ! ಇಲ್ಲಿ ಮಲಗಿರೋದು ನಮ್ಮಪ್ಪ. ಈ ಊರಿನಾಗೆ ಯಾರಾದ್ರೂ ಹೊಡೆಯೋ ಹಂಗಿದ್ರೆ, ಮೇಡಂ, ಇವತ್ತು ಹೊಡೀತಿದ್ವಿ. ಇವತ್ತೇ ಹೊಡೀಲಿಲ್ಲ ನಾವು!"

ತಸ್ನೀಮ್ ತಮಟೆಯ ಮೇಲೆ ಕೈಯಿಟ್ಟರು. ಬೆರಳಿಗೆ ಸೈನೈಡ್ ದಿಬ್ಬದ ಬಿಳಿ ಧೂಳು ಹತ್ತಿತು. ಅವರು ಚಟ್ಟದ ಕಡೆ ನೋಡಿದರು, ಮತ್ತೆ ತಮಟೆ ನೋಡಿದರು. ಆಮೇಲೆ ಅಲ್ಲೇ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತರು.

"ತಪ್ಪಾತ್ರಿ," ಎಂದರು. "ಕ್ಷಮಿಸ್ರಿ." ಬೆರಳಿಗೆ ಹತ್ತಿದ ಧೂಳನ್ನು ನೋಡುತ್ತಾ ಮತ್ತೆ ಹೇಳಿದರು. "ನೀವು ಹೊಡದಿಲ್ಲ ಅಂದ್ರ, ಅದು ಖರೇನೇ."

"ಏನು ಖರೆ?"

"ಅವು ಕೂಡೂದಿಲ್ಲ ಕದಿರಮ್ಮ."

ಚಟ್ಟ ಹೊತ್ತವರು ಭುಜ ಬದಲಿಸಿಕೊಂಡರು. ತಸ್ನೀಮ್ ನೆಲ ನೋಡಿಕೊಂಡು ತಮಗೇ ಹೇಳಿಕೊಳ್ಳುವ ಹಾಗೆ ಮಾತಾಡಿದರು. ಸಣ್ಣದು ದೊಡ್ಡದರ ಮೇಲೆ ಸುರಿಯುತ್ತಿರುವುದು ನಿಜ. ಸುರಿದದ್ದು ಎರಡನ್ನೂ ಒಳಗೆಳೆಯುತ್ತದೆಂದು ಅವರು ನಂಬಿದ್ದರು. ಆಗಿದ್ದು ಬೇರೆ. ಕೊಡುತ್ತಾ ಕೊಡುತ್ತಾ ಸಣ್ಣದು ಇನ್ನೂ ಹಗುರಾಗಿ, ಹಿಂದಕ್ಕೆ ಸರಿಯತೊಡಗಿತ್ತು. ಸುತ್ತು ದೊಡ್ಡದಾಗುತ್ತಿತ್ತು. ಇನ್ನು ಕೋಟಿಗಟ್ಟಲೆ ವರ್ಷ ಅದು ಹೀಗೇ ಸ್ವಲ್ಪ ಸ್ವಲ್ಪ ಕೊಡುತ್ತಾ, ಸ್ವಲ್ಪ ಸ್ವಲ್ಪ ದೂರವಾಗುತ್ತಾ ಹೋಗುತ್ತದೆ.

"ನಾ ಊರಿನ ತಮಟಿ ಅಂತ ತಿಳ್ಕೊಂಡಿದ್ದೆ. ನೀವು ಹೊಡದಿದ್ರ ಸಾಕು ಅಂತ ಆಸೆ ಇತ್ತು ನನಗ," ಎಂದರು. "ಈಗ ಹೇಳಿದ್ರ, ಇದೂ ದೊಡ್ಡ ಸುದ್ದಿ ಅಂತಾರ. ಇನ್ನೂ ಹತ್ತು ವರ್ಷ ಕೇಳ್ರಿ ಅಂತಾರ. ದೀಪ ಆರಸಬ್ಯಾಡ್ರಿ ಅಂತಾರ."

ಹತ್ತು ವರ್ಷ ಎನ್ನುವ ಮಾತು ಜನರ ನಡುವೆ ಹಿಂದಿನ ಸಾಲಿನವರೆಗೂ ಹೋಯಿತು. ವೆಂಕಟರಾಮು "ಅಯ್ಯೋ" ಎಂದ.

ಕದಿರಮ್ಮ ಅಪ್ಪನ ಮುಖ ನೋಡಿದಳು. ಹಣೆಯ ಮೇಲಿನ ನಾಣ್ಯದ ಮೇಲೂ ಬಿಳಿ ಧೂಳು ಕೂತಿತ್ತು. ಅವಳು ಸೆರಗಿನಿಂದ ಅದನ್ನು ಒರೆಸಿದಳು.

"ಕೂಡೋವರ್ಗೆ ಅಂತ ಮಾತು ಕೊಟ್ಟಿದ್ದೆ ಮೇಡಂ," ಎಂದಳು. "ನಮ್ಮಪ್ಪಂಗೂ ಅದೇ, ನಿಮ್ಗೂ ಅದೇ, ಈ ಊರಿಗೂ ಅದೇ. ಕೂಡಲ್ಲ ಅಂತ ನೀವೇ ಅಂದ್ರಿ. ಇನ್ನು ನನ್ನ ಮಾತು ಯಾರ ಹತ್ರಾನೂ ಇಲ್ಲ."

ಕೋಟಿನ ಗುಂಡಿ ಬಿಚ್ಚಿದಳು. ಕೋಟನ್ನು ಮಡಿಸಿ, ಕೆಂಪು ಬಟ್ಟೆಯನ್ನು ಅದರ ಮೇಲಿಟ್ಟು, ಕಲ್ಲಿನ ಮೇಲೆ ತಸ್ನೀಮರ ಪಕ್ಕಕ್ಕೆ ಇಟ್ಟಳು. "ಬೆಂಕಿ ಹಾಕ್ರಪ್ಪಾ. ತಣ್ಣಗಾಗವೆ."

ರಸ್ತೆಯ ಅಂಚಿನ ಒಣಹುಲ್ಲು ಕಿತ್ತು ಗುಡ್ಡೆ ಹಾಕಿದರು. ತಮಟೆಗಳನ್ನು ಇನ್ನೊಂದು ಸಲ ಕಾಯಿಸಿದರು. ತಸ್ನೀಮ್ ಫೋನ್ ಕಿವಿಗಿಟ್ಟು, "ದೀಪ ಆರಸ್ರಿ," ಎಂದರು. ಆ ಕಡೆಯಿಂದ ಯಾರೋ ಜೋರಾಗಿ ಏನೋ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. "ನಾ ಹೇಳ್ಲಿಕ್ಹತ್ತೇನಿ, ಆರಸ್ರಿ. ಇನ್ನ ಬರೂದು ನಕ್ಷತ್ರ ಅಲ್ಲ. ಪಿಳ್ಳಪ್ಪನವರು ಅಂತ ಬರೀರಿ."

ಗೋಪುರದ ತುದಿಯಲ್ಲಿ ಕೆಂಪು ಆರಿತು.

ಚಿಕ್ಕಮುನಿಯಪ್ಪ ಗುರುವಿನ ತಮಟೆಯನ್ನು ಕದಿರಮ್ಮನ ಕೊರಳಿಗೆ ಹಾಕಿ ಕೋಲು ಕೈಗೆ ಕೊಟ್ಟ. ಹೆಂಗಸರು ಹೊಡೆಯುವ ರೂಢಿ ಇಲ್ಲ. ಅವತ್ತು ಯಾರಿಗೂ ಅದು ನೆನಪಾಗಲಿಲ್ಲ. ಅವಳು ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಕಲಿತದ್ದು ಒಂದೇ ತಾಳ. ಮೊದಲ ಏಟು ಸರಿಯಾಗಿ ಬೀಳಲಿಲ್ಲ. ಎರಡನೆಯದು ಬಿತ್ತು. ಮೂರನೆಯದಕ್ಕೆ ಉಳಿದ ತಮಟೆಗಳೂ ಸೇರಿಕೊಂಡವು. ಸದ್ದು ಬಿಳಿ ದಿಬ್ಬಕ್ಕೆ ಬಡಿದು ಊರ ಕಡೆಗೆ ತಿರುಗಿತು. ಬಾವಿಯ ತಳದಲ್ಲಿ ಕನ್ನಡಿಗಳು ಅಲುಗಿದವು, ಬೀಳುತ್ತಿದ್ದ ಮೋಡಗಳ ಲೆಕ್ಕ ತಪ್ಪಿತು, ಪರದೆಯ ಮೇಲಿನ ಎರಡು ಚುಕ್ಕೆಗಳು ಅಳಿಸಿಹೋದವು.

ಊರಿನಿಂದ ಜನ ಓಡಿ ಬಂದರು. ಮೊಳೆಯಲ್ಲಿದ್ದ ತಮಟೆ ಕಿತ್ತು ತಂದವರಿದ್ದರು, ತಟ್ಟೆ ತಂದವರಿದ್ದರು, ಬರಿಗೈಯಲ್ಲಿ ಬಂದು ಬಾಯಿ ಬಿಟ್ಟು ಅತ್ತವರಿದ್ದರು. ಗೌರಕ್ಕ ಗುಂಪು ಸೀಳಿಕೊಂಡು ಬಂದು ಕದಿರಮ್ಮನ ತೋಳು ಹಿಡಿದಳು.

"ನಮ್ಮೋರಿಗೂ ಸೇರ್ಸಿ ಎರಡು ಏಟು ಹೊಡಿಯವ್ವಾ. ಅವ್ರೂ ಸುಮ್ಕೇ ಹೋದ್ರು."

ಕದಿರಮ್ಮ ಕೋಲು ನಿಲ್ಲಿಸಿದಳು. ಇವಳ ಗಂಡನ ಮಣ್ಣಿ‌ನ ದಿನವೂ ಮುಂದೆ ನಡೆದವಳು ತಾನೇ. "ಹೆಸ್ರು ಹೇಳು ಗೌರಕ್ಕಾ," ಎಂದಳು.

"ನಂಜುಂಡ," ಎಂದಳು ಗೌರಕ್ಕ. ತಮಟೆಗಳೆಲ್ಲ ಒಟ್ಟಿಗೆ ಬಿದ್ದವು. ವೆಂಕಟರಾಮು ಮಗಳ ಹೆಸರು ಹೇಳಲು ಹೋಗಿ ಹೇಳಲಾರದೆ ನಿಂತ, ಪಕ್ಕದವರು ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಒಂದು ಹೆಸರು, ಎರಡು ಏಟು. ಬಿಸಿಲು ನೆತ್ತಿಗೆ ಬಂತು. ಪಿಳ್ಳಪ್ಪ ದಿಬ್ಬದ ಬುಡದಲ್ಲಿ ಇಳಿಸಿದ ಚಟ್ಟದ ಮೇಲೆ ಮಲಗಿ ಎಲ್ಲರ ಸರದಿಯೂ ಮುಗಿಯುವವರೆಗೆ ಕಾದ.

ಎಲ್ಲರದೂ ಮುಗಿದ ಮೇಲೆ ಚಿಕ್ಕಮುನಿಯಪ್ಪ, "ಇನ್ನಾರಮ್ಮಾ?" ಎಂದು ಕೇಳಿದ.

"ನಮ್ಮವ್ವ. ಅಕ್ಕಯಮ್ಮ," ಎಂದು ಕದಿರಮ್ಮ ಹೇಳಿ, ಕೋಲು ಎತ್ತಿದಳು.